‘ಇಲ್ಲ’ ಎಂದು ಬರೆದ ಚಳಿಗಾಲ

ಕಳೆದ ವಾರ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ಗಂಡ ಹೆಂಡತಿ ಒಂದು ಫಾರಂ ಹಿಡಿದುಕೊಂಡು ಮೇಲೆ ಬಂದರು. ಹೊಸ ಡಾಕ್ಟರ ಬಳಿ ಹೆಸರು ನೋಂದಾಯಿಸಲು ಕ್ಲಿನಿಕ್ಕಿನವರು ಕಳಿಸುವ ಫಾರಂ ಅದು. ಹುಡುಗಿ ಬೆಂಗಳೂರಿನವಳು, ಹುಡುಗ ಮೈಸೂರಿನವನು. ಇಬ್ಬರೂ ನನಗಿಂತ ಚೆನ್ನಾಗಿ ಇಂಗ್ಲಿಷ್ ಬಲ್ಲವರು. ಆದರೂ ಮೊದಲ ಸಲ ಅಲ್ಲವೇ, ಪಕ್ಕದಲ್ಲಿ ಯಾರಾದರೂ ಹಳಬರು ಕೂತಿರಲಿ ಅನ್ನಿಸುತ್ತದೆ. ಹೆಸರು, ವಿಳಾಸ, ಇನ್ಶೂರೆನ್ಸ್ ಕಾರ್ಡಿನ ವಿವರ ಎಲ್ಲ ಸರಾಗವಾಗಿ ಮುಗಿಯಿತು. ಮೂರನೆಯ ಪುಟಕ್ಕೆ ಬಂದಾಗ ಹುಡುಗ ಕೇಳಿದ, “ಅಂಕಲ್, ಈಗ ತಗೋತಿರೋ ಮೆಡಿಸಿನ್ಸ್ ಅಂತ ಇದೆ. ನಾವೇನೂ ತಗೋತಿಲ್ಲ. ಇಲ್ಲ ಅಂತ ಹಾಕ್ಬಿಡ್ಲಾ?”

“ತಡಿ,” ಅಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿ ಬಂದಿರಬೇಕು. ಹುಡುಗಿ ತಲೆಯೆತ್ತಿ ನೋಡಿದಳು. ಸೂಟ್‌ಕೇಸಿನಲ್ಲಿ ಊರಿಂದ ಏನೇನು ತಂದಿದ್ದೀರಿ, ಎಲ್ಲ ತೆಗೆದು ಮೇಜಿನ ಮೇಲಿಡಿ, ಆಮೇಲೆ ಬರೆಯೋಣ ಎಂದೆ. ಅವರು ನಗುತ್ತಾ ಇಳಿದು ಹೋದರು. ಅವರು ಬರುವವರೆಗೆ ನಾನು ಆ ಖಾಲಿ ಗೆರೆಯನ್ನೇ ನೋಡುತ್ತಾ ಕೂತಿದ್ದೆ.

ನಾಲ್ಕು ವರ್ಷದ ಹಿಂದೆ ನಾವೂ ಹೀಗೇ ಬಂದವರು. ನನ್ನ ಹೆಂಡತಿ ಸುಧಾ ಸಿವಿಲ್ ಎಂಜಿನಿಯರ್. ಹಳೆಯ ಸೇತುವೆಗಳು ಭೂಕಂಪವನ್ನು ತಡೆದುಕೊಳ್ಳುತ್ತವೆಯೇ ಎಂದು ನೋಡಿ, ತಡೆಯದಿದ್ದರೆ ಎಲ್ಲಿ ಬಲಪಡಿಸಬೇಕು ಎಂದು ಹೇಳುವುದು ಅವಳ ಕೆಲಸ. ಅಮೆರಿಕದ ಓಕ್ಲ್ಯಾಂಡಿನ ಒಂದು ಆಫೀಸು ಅವಳನ್ನು ಕರೆಸಿಕೊಂಡಿತು. ನಾನು ಹಾಸನದ ಕಾಲೇಜಿನಲ್ಲಿ ಹದಿನಾಲ್ಕು ವರ್ಷ ಮಾಡಿದ ಕೆಮಿಸ್ಟ್ರಿ ಪಾಠ ಬಿಟ್ಟು ಅವಳ ಜೊತೆ ಬಂದೆ. ನನ್ನ ವೀಸಾದಲ್ಲಿ ದುಡಿಯುವಂತಿರಲಿಲ್ಲ. ಫ್ರೀಮಾಂಟಿನಲ್ಲಿ ಮನೆ ಹಿಡಿದೆವು. ಆಗಸ್ಟ್ ತಿಂಗಳು, ಮನೆಯ ಹಿಂದಿನ ಬೆಟ್ಟ ಪೂರ್ತಿ ಒಣಗಿ ಹುರಿಗಡಲೆ ಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆ ಅವಳು ಕಾರಿನಲ್ಲಿ ಹೊರಟರೆ ನಾನು ಅನ್ನ, ಸಾರು, ಬಟ್ಟೆ, ಗ್ರೋಸರಿ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ ಮನೆಯ ಮಟ್ಟಿಗೆ ಏನಾದರೂ ಜವಾಬ್ದಾರಿ ಹೊರಬೇಕು ಅನ್ನಿಸಿ, ಕಾಗದಪತ್ರ, ಫೋನು, ಫಾರಂ, ಔಷಧ ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದಿದ್ದೆ.

ಸುಧಾಗೆ ಮೂವತ್ತೇಳನೆಯ ವಯಸ್ಸಿನಿಂದ ಬಿ.ಪಿ. ಇದೆ. ಹಾಸನದಲ್ಲಿ ನಾಗೇಂದ್ರ ಡಾಕ್ಟರು ನೋಡುತ್ತಿದ್ದರು. ಅವಳ ಅಪ್ಪನಿಗೂ ಅವರೇ, ಅಜ್ಜಿಗೂ ಅವರೇ. ಹೊರಡುವ ಹಿಂದಿನ ವಾರ ನೋಡಲು ಹೋದಾಗ ಮೂರು ತಿಂಗಳಿಗಾಗುವಷ್ಟು ಮಾತ್ರೆ ಬರೆದುಕೊಟ್ಟು, “ಏನ್ ಬಿಟ್ರೂ ಇದೊಂದು ಬಿಡಬೇಡ ಕಣಮ್ಮಾ. ಅಲ್ಲಿ ಹೋದ ತಕ್ಷಣ ಒಬ್ಬರು ಡಾಕ್ಟರ್ನ ಹಿಡಿ,” ಎಂದಿದ್ದರು.

ಹಿಡಿಯುವುದು ಅಷ್ಟು ಸುಲಭವಿರಲಿಲ್ಲ. ಇನ್ಶೂರೆನ್ಸ್ ಕಾರ್ಡು ಬಂದದ್ದೇ ಸೆಪ್ಟೆಂಬರ್ ಮಧ್ಯಕ್ಕೆ. ಪಟ್ಟಿಯಲ್ಲಿದ್ದ ಡಾಕ್ಟರುಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿದೆ. ಕೆಲವರು ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಒಬ್ಬರು ನಿವೃತ್ತರಾಗಿದ್ದರು. ಹನ್ನೊಂದನೆಯ ಫೋನಿಗೆ ಒಂದು ಕ್ಲಿನಿಕ್ಕು ಒಪ್ಪಿತು. ಹೊಸ ರೋಗಿಗೆ ಮೊದಲ ಭೇಟಿ ಡಿಸೆಂಬರ್ ಎರಡನೆಯ ವಾರದಲ್ಲಿ ಎಂದರು. ಹಾಸನದಲ್ಲಾದರೆ ಚಪ್ಪಲಿ ಹಾಕಿಕೊಂಡು ಹೊರಟರೆ ಆಯಿತು, ಅರ್ಧ ಗಂಟೆಯಲ್ಲಿ ಡಾಕ್ಟರ ಮುಂದೆ. ಇಲ್ಲಿ ಮೂರು ತಿಂಗಳು ಕಾಯಬೇಕು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಮಂಡ್ಯ ಕಡೆಯ ಮಂಗಳಕ್ಕ ಇದ್ದರು. ಬಂದು ಇಪ್ಪತ್ತು ವರ್ಷವಾಗಿತ್ತು. ಯಾರು ಯಾವ ದಿನ ಊರಿಗೆ ಹೋಗುತ್ತಾರೆ, ಯಾವ ದಿನ ಬರುತ್ತಾರೆ, ಯಾರ ಸೂಟ್‌ಕೇಸಿನಲ್ಲಿ ಎಷ್ಟು ಜಾಗವಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಸುತ್ತಲಿನ ಹತ್ತಾರು ಮನೆಗಳಿಗೆ ಹುಳಿಪುಡಿ, ಮುಲಾಮು, ಶುಗರ್ ಮಾತ್ರೆ ಎಲ್ಲ ಅವರ ಮೂಲಕವೇ ಬರುತ್ತಿತ್ತು.

“ಅಯ್ಯೋ ಬಿಡಿ ಮೇಷ್ಟ್ರೇ, ಡಾಕ್ಟ್ರು ಸಿಕ್ದಾಗ ಸಿಗ್ತಾರೆ,” ಎಂದರು ನನ್ನ ಮುಖ ನೋಡಿ. “ನಮ್ ಮೈದ್ನ ಡಿಸೆಂಬರ್ ಮೊದಲ್ನೇ ವಾರ ಬತ್ತಾವ್ನೆ. ಚೀಟಿ ಕಳ್ಸಿ, ಆರು ತಿಂಗ್ಳ ಮಾತ್ರೆ ತಂದ್ಕೊಡ್ತಾನೆ. ಇಲ್ಲೀವ್ರು ಒಂದು ಮಾತ್ರೆ ಕೊಡೋಕೆ ಒಂಬತ್ತು ಟೆಸ್ಟ್ ಮಾಡ್ತಾರೆ.”

ಚೀಟಿಯ ಫೋಟೊ ಕಳಿಸಿದೆ. ಆದರೆ ಮೈದುನನ ಪ್ರಯಾಣ ಮುಂದಕ್ಕೆ ಹೋಯಿತು, ಜನವರಿಗೆ. ನವೆಂಬರ್ ಕೊನೆಯಲ್ಲಿ ನಮ್ಮ ಮಾತ್ರೆ ಮುಗಿಯಿತು.

ಹೀಗೆ ದಿಢೀರನೆ ನಿಲ್ಲಿಸಬಾರದ ಮಾತ್ರೆ ಅದು ಎಂದು ಈಗ ಗೊತ್ತು. ಆಗ ಗೊತ್ತಿದ್ದದ್ದು ಇಷ್ಟೇ: ಎರಡು ವಾರ ತಾನೇ, ಉಪ್ಪು ಕಡಿಮೆ ಮಾಡೋಣ. ನಾಗೇಂದ್ರ ಡಾಕ್ಟರಿಗೆ ಒಂದು ಫೋನು ಮಾಡಬಹುದಿತ್ತು. ಹೋದ ತಕ್ಷಣ ಡಾಕ್ಟರನ್ನು ಹಿಡಿ ಎಂದವರಿಗೆ, ಇನ್ನೂ ಹಿಡಿದಿಲ್ಲ, ಮಾತ್ರೆಯೂ ಮುಗಿಯಿತು ಎಂದು ಹೇಗೆ ಹೇಳುವುದೆಂದು ಸಂಕೋಚಪಟ್ಟೆ. ಮೊದಲ ಮಳೆ ಬಂತು. ಇಲ್ಲಿ ಮಳೆ ಚಳಿಗಾಲದ್ದು, ಗುಡುಗಿಲ್ಲದೆ, ಬೂದು ಬಣ್ಣದಲ್ಲಿ, ಯಾರ ಹಂಗೂ ಇಲ್ಲದೆ ಸುರಿಯುತ್ತಲೇ ಇರುತ್ತದೆ. ಸುಧಾ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು ಎದೆ ಮುಟ್ಟಿಕೊಳ್ಳುತ್ತಿದ್ದಳು. “ಒಳಗೆ ಯಾರೋ ರಾಗಿ ಬೀಸ್ತಿದ್ದಾರೆ ಕಣ್ರೀ,” ಎಂದು ನಗುತ್ತಿದ್ದಳು.

ಡಿಸೆಂಬರಿನಲ್ಲಿ ಕ್ಲಿನಿಕ್ಕಿಗೆ ಹೋಗುವ ಹಿಂದಿನ ಸಂಜೆ ಫಾರಂ ತುಂಬಲು ಕೂತೆ. ಈಗ ತೆಗೆದುಕೊಳ್ಳುತ್ತಿರುವ ಔಷಧಗಳು ಎಂಬ ಗೆರೆ ಬಂತು. ಮಂಗಳಕ್ಕ ಆಗಲೇ ಎಚ್ಚರಿಸಿದ್ದರು: “ಊರಿನ್ ಮಾತ್ರೆ ಅಂತ ಬರ್ದು ಸಿಕ್ಕಾಕ್ಕೊಬೇಡಿ. ಹಳೇ ಕಾಯ್ಲೆ ಅಂತ ಇನ್ಶೂರೆನ್ಸ್‌ನೋರು ಕ್ಯಾತೆ ತೆಗೀತಾರೆ.” ಅದು ಎಷ್ಟು ನಿಜವೆಂದು ನಾನು ವಿಚಾರಿಸಲಿಲ್ಲ. ಸೂಟ್‌ಕೇಸಿನಲ್ಲಿ ಬೇರೆಯವರ ಕೈಲಿ ಮಾತ್ರೆ ತರಿಸುವುದು ತಪ್ಪೇನೋ ಎಂಬ ಭಯವೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಬುದ್ಧಿ ಒಂದು ದಾರಿ ಹುಡುಕಿಕೊಟ್ಟಿತು. ಈಗ ಎಂದಲ್ಲವೇ ಕೇಳಿರುವುದು? ಈಗಂತೂ ಅವಳು ಏನೂ ತೆಗೆದುಕೊಳ್ಳುತ್ತಿಲ್ಲ. ‘ಇಲ್ಲ’ ಎಂದು ಬರೆದೆ. ಆ ಸಂಜೆಯ ಮಟ್ಟಿಗೆ ಅದು ಸುಳ್ಳಲ್ಲ. ಹಿಂದಿನ ಕಾಯಿಲೆಗಳು ಎಂಬ ಗೆರೆಯನ್ನು ಖಾಲಿ ಬಿಟ್ಟೆ. ಸುಧಾ ಕೈಯೊರೆಸಿಕೊಂಡು ಬಂದು, ಓದದೆ, ನಾನು ತೋರಿಸಿದ ಕಡೆ ಸಹಿ ಮಾಡಿದಳು.

ಡಾಕ್ಟರು ನಮಗಿಂತ ಚಿಕ್ಕ ವಯಸ್ಸಿನ ಹೆಂಗಸು. ಅವಸರ ಮಾಡಲಿಲ್ಲ. ನಾಡಿ ನೂರಾ ಹದಿನೆಂಟು ಇತ್ತು, ಬಿ.ಪಿ. ಹೆಚ್ಚಿತ್ತು, ಯಂತ್ರದಲ್ಲಿ ಎರಡು ಸಲ ನೋಡಬೇಕಾಯಿತು. ಇ.ಸಿ.ಜಿ. ಮಾಡಿಸಿದರು, ರಕ್ತ ತೆಗೆಸಿದರು. ಫಾರಂ ನೋಡುತ್ತಾ, “ಇದಕ್ಕೆ ಮೊದಲು ಯಾವ ಔಷಧವನ್ನೂ ತೆಗೆದುಕೊಂಡಿಲ್ಲವೇ?” ಎಂದು ಇನ್ನೊಮ್ಮೆ ಕೇಳಿದರು. ಸುಧಾ ನನ್ನ ಕಡೆ ನೋಡಿದಳು. ನಾನು, ಇಲ್ಲ, ಎಂದೆ. ಬರೆದದ್ದನ್ನೇ ಹೇಳಬೇಕಲ್ಲ ಎಂಬ ಒಂದೇ ಕಾರಣಕ್ಕೆ ಹೇಳಿದೆ. ಆಗ ಬಾಯಿ ಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಅವರು ಎದೆಬಡಿತ ಮತ್ತು ಬಿ.ಪಿ. ಎರಡನ್ನೂ ತಗ್ಗಿಸುವ ಮಾತ್ರೆ ಕೊಟ್ಟರು. ಆರು ವಾರ ಬಿಟ್ಟು ಬರಲು ಹೇಳಿದರು.

ಒಂದು ವಾರದಲ್ಲಿ ರಾಗಿ ಬೀಸುವುದು ನಿಂತಿತು. ಬೆಟ್ಟಕ್ಕೆ ಹಸಿರು ಬಂತು. ಕ್ರಿಸ್ಮಸ್ ರಜೆಯಲ್ಲಿ ಇಬ್ಬರೂ ಕೆರೆಯ ಸುತ್ತ ನಡೆದೆವು. ಆ ಹತ್ತು ಹದಿನೈದು ದಿನ ನಿಜವಾಗಿ ಚೆನ್ನಾಗಿತ್ತು.

ಜನವರಿ ಮೊದಲ ವಾರ ಮಂಗಳಕ್ಕನ ಮೈದುನ ಬಂದ. ಆರು ತಿಂಗಳ ಮಾತ್ರೆ ರಟ್ಟಿನ ಡಬ್ಬಿಗಳಿಂದ ಬಿಡಿಸಿ, ಬರೀ ಸ್ಟ್ರಿಪ್ಪುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದ. ಅಡುಗೆಮನೆ ಕಟ್ಟೆಯ ಮೇಲೆ ಎರಡನ್ನೂ ಇಟ್ಟುಕೊಂಡು ನಿಂತೆವು, ಇಲ್ಲಿನ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಸೀಸೆ ಒಂದು ಕಡೆ, ಹಾಸನದ ಸ್ಟ್ರಿಪ್ಪುಗಳು ಒಂದು ಕಡೆ.

“ಎರಡೂ ತಗೋಬೇಕೇನ್ರೀ?” ಎಂದಳು ಸುಧಾ.

“ಇಲ್ಲಿಯವರು ಕೊಟ್ಟಿದ್ದು ಮುಖ್ಯವಾಗಿ ಎದೆಬಡಿತಕ್ಕೆ. ನಾಗೇಂದ್ರ ಡಾಕ್ಟರದ್ದು ಬಿ.ಪಿ.ಗೆ. ಬಿಡಬೇಡ ಅಂತ ಎಷ್ಟು ಸಲ ಹೇಳಿದ್ರು ಅವರು.”

“ಎರಡೂ ಒಂದೇ ಏನಾದ್ರೂ ಆಗಿದ್ರೆ? ನೀವು ಕೆಮಿಸ್ಟ್ರಿ ಮೇಷ್ಟ್ರು ಅಲ್ವಾ, ನೋಡಿ ಹೇಳಿ.”

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಸ್ಟ್ರಿಪ್ಪಿನ ಮೇಲೆ ದೊಡ್ಡದಾಗಿದ್ದದ್ದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣಕ್ಷರದಲ್ಲಿ ಎರಡು ಔಷಧಗಳ ಹೆಸರಿದ್ದವು. ಸೀಸೆಯ ಮೇಲಿನ ಹೆಸರು ಅವೆರಡರಲ್ಲಿ ಯಾವುದೂ ಅಲ್ಲ. ಬಣ್ಣ ಬೇರೆ, ಆಕಾರ ಬೇರೆ. ಬೇರೆ ಬೇರೆ ಹೆಸರಿನ ಎರಡು ವಸ್ತುಗಳು ಒಂದೇ ಕೆಲಸ ಮಾಡಬಹುದೆಂದು ಪ್ರತಿವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. “ಬೇರೆ ಬೇರೆ ಕಣೆ, ಧೈರ್ಯವಾಗಿ ತಗೋ,” ಎಂದೆ. ಅವಳು ತೆಗೆದುಕೊಂಡಳು. ನನ್ನ ಮಾತಿಗೆ ಅವಳು ಮರುಪ್ರಶ್ನೆ ಹಾಕಲಿಲ್ಲ.

ಮೂರನೆಯ ದಿನದಿಂದ ಅವಳ ಕೈ ತಣ್ಣಗಿರಲು ಶುರುವಾಯಿತು. ಸಂಜೆ ಸೋಫಾದಲ್ಲಿ ಕೂತರೆ ಏಳುತ್ತಿರಲಿಲ್ಲ. “ಆಗಸ್ಟ್‌ನಲ್ಲಿ ಬರಬೇಕಿದ್ದ ಜೆಟ್ ಲ್ಯಾಗು ಈಗ ಬಂತು,” ಎಂದಳು. ಮಳೆ, ಚಳಿ, ಕೆಲಸದ ಒತ್ತಡ ಎಂದು ನಾನೂ ಲೆಕ್ಕ ಹೇಳಿದೆ.

ಆರನೆಯ ದಿನ ಗುರುವಾರ. ನನ್ನ ಕಾಗದಪತ್ರದ ಕೆಲಸಕ್ಕೆ ಓಕ್ಲ್ಯಾಂಡಿನ ಸರ್ಕಾರಿ ಕಚೇರಿಯಲ್ಲಿ ಹನ್ನೊಂದಕ್ಕೆ ಸಮಯ ಕೊಟ್ಟಿದ್ದರು. ಹೇಗೂ ಅವಳ ಆಫೀಸು ಅಲ್ಲೇ, ಒಟ್ಟಿಗೆ ಹೊರಟೆವು. ನನಗೆ ಆಗ ಲೈಸೆನ್ಸ್ ಇರಲಿಲ್ಲ. ಫ್ರೀವೇಯಲ್ಲಿ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ನೀರೆರಚುತ್ತಾ ಅಕ್ಕಪಕ್ಕ ಸಾಗುತ್ತಿದ್ದವು. ಅವಳು ತನ್ನ ಆಫೀಸಿನ ಹೊಸ ಹುಡುಗನೊಬ್ಬನ ಬಗ್ಗೆ ಹೇಳುತ್ತಿದ್ದಳು. “ಅವನಿಗೆ ಪಿಲ್ಲರ್ ಅಂದ್ರೆ ಬರೀ ಡ್ರಾಯಿಂಗು ಕಣ್ರೀ. ಒಂದ್ಸಲ ಕೆಳಗೆ ಹೋಗಿ ನಿಂತು...”

ಅಲ್ಲಿಗೆ ಮಾತು ನಿಂತಿತು. ಯೋಚಿಸುತ್ತಿದ್ದಾಳೆ ಅಂದುಕೊಂಡೆ. ತಿರುಗಿ ನೋಡಿದರೆ ಗದ್ದ ಎದೆಗೆ ಇಳಿದಿತ್ತು. ಕೈಗಳು ಸ್ಟೀರಿಂಗಿನಿಂದ ಜಾರಿ ತೊಡೆಯ ಮೇಲೆ ಬಿದ್ದಿದ್ದವು, ಯಾರೋ ಎತ್ತಿ ಇಟ್ಟಂತೆ.

ಆಮೇಲಿನದ್ದು ಬಹಳ ಹೊತ್ತು ನಡೆಯಿತು ಅನ್ನಿಸುತ್ತದೆ, ಒಂದು ನಿಮಿಷವೂ ಇರಲಿಕ್ಕಿಲ್ಲ. ಕಾರು ಬಲಕ್ಕೆ ಎಳೆಯುತ್ತಿತ್ತು. ಬಲಗಡೆ ಲಾರಿಯ ಚಕ್ರಗಳು ನನ್ನ ಕಿಟಕಿಯ ಎತ್ತರಕ್ಕೆ ಇದ್ದವು. ನಾನು ಅವಳ ಮೇಲೆ ಬಾಗಿ ಸ್ಟೀರಿಂಗ್ ಹಿಡಿದೆ. ಸೀಟ್ ಬೆಲ್ಟು ಎಳೆದು ಹಿಡಿಯಿತು. ಅವಳ ಕಾಲು ಪೆಡಲಿನಿಂದ ಜಾರಿದ್ದರಿಂದ ಕಾರು ತಾನಾಗಿಯೇ ನಿಧಾನವಾಗುತ್ತಿತ್ತು. ನಾವು ಬದುಕಿದ್ದು ಅದರಿಂದ. ಲಾರಿ ಮುಂದೆ ಹೋಯಿತು. ಹಿಂದಿನಿಂದ ಇನ್ನೊಂದು ಲಾರಿಯ ಹಾರನ್ನು, ಬಿಡದೆ. ಸುಧಾ, ಸುಧಾ, ಎಂದು ಕೂಗುತ್ತಲೇ ಬಲಕ್ಕೆ ತಿರುಗಿಸಿದೆ. ಅಂಚಿನ ಕಾಂಕ್ರೀಟ್ ಗೋಡೆಗೆ ನನ್ನ ಕಡೆಯ ಬಾಗಿಲು ಉಜ್ಜಿ, ಕಿರುಚಿ, ಕಾರು ನಿಂತಿತು. ಆ ಹಾರನ್ ಹೊಡೆದ ಲಾರಿ ನಮ್ಮ ಹಿಂದೆಯೇ, ಅರ್ಧ ರಸ್ತೆಗೆ ಅಡ್ಡವಾಗಿ, ದೀಪ ಮಿನುಗಿಸುತ್ತಾ ನಿಂತಿತ್ತು. ಬೈಯುತ್ತಿದ್ದಾನೆ ಅಂದುಕೊಂಡಿದ್ದೆ. ಮಿಕ್ಕ ಗಾಡಿಗಳು ನಮ್ಮ ಮೇಲೆ ಬಾರದಂತೆ ಆತ ತಡೆದದ್ದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ತುರ್ತು ಸಹಾಯಕ್ಕೆ ಫೋನು ಮಾಡಿದರೆ, ಯಾವ ಎಕ್ಸಿಟ್ ಹತ್ತಿರ ಇದ್ದೀರಿ, ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಐದು ತಿಂಗಳಿಂದ ಆ ರಸ್ತೆಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಒಂದು ಫಲಕವನ್ನೂ ಓದಿರಲಿಲ್ಲ. ಲಾರಿಯವನು ಮಳೆಯಲ್ಲಿ ಓಡಿಬಂದು ಸುಧಾಳ ಕಡೆಯ ಕಿಟಕಿಯಿಂದ ಫೋನು ತೆಗೆದುಕೊಂಡು ಜಾಗ ಹೇಳಿದ. ಸರ್ದಾರ್ಜಿ ಆತ, ಪಗಡಿಯಿಂದ ನೀರು ಸೋರುತ್ತಿತ್ತು. “ಭಾಭೀಜೀಗೆ ಉಸಿರಿದೆ, ನೋಡು, ಉಸಿರಿದೆ,” ಎಂದು ಹಿಂದಿಯಲ್ಲಿ ಮತ್ತೆ ಮತ್ತೆ ಹೇಳಿದ.

ಸುಧಾ ಕಣ್ಣು ಬಿಟ್ಟಳು. ಗೋಡೆ ನೋಡಿದಳು, ನನ್ನನ್ನು ನೋಡಿದಳು. “ಯಾಕ್ರೀ ನಿಲ್ಲಿಸಿದ್ರಿ?” ಎಂದಳು.

ಆಸ್ಪತ್ರೆಯಲ್ಲಿ ಪರದೆಯ ಮೇಲೆ ಅವಳ ನಾಡಿ ಮೂವತ್ತನಾಲ್ಕು ಎಂದು ತೋರಿಸುತ್ತಿತ್ತು. ಮೂವತ್ತನಾಲ್ಕು ಎಂದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ನೀವು ಕಾಯಬೇಕು. ನಾನು ಕಾಯುತ್ತಿದ್ದೆ. ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಡಾಕ್ಟರು ಕೇಳಿದಾಗ ಕ್ಲಿನಿಕ್ಕಿನ ಮಾತ್ರೆಯ ಹೆಸರು ಮಾತ್ರ ಹೇಳಿದೆ. ಆ ಫಾರಂ ನನ್ನ ಬಾಯಿ ಕಟ್ಟಿಹಾಕಿತ್ತು. ಸುಳ್ಳು ಬರೆದವರು ಎಂದು ತಿಳಿದರೆ ಇನ್ಶೂರೆನ್ಸ್ ಏನಾಗುತ್ತದೆ, ವೀಸಾ ಏನಾಗುತ್ತದೆ ಎಂದೆಲ್ಲ ಅಲ್ಲಿ ನಿಂತು ಯೋಚಿಸಿದೆ. ಹೆಂಡತಿ ಮಂಚದ ಮೇಲಿರುವಾಗ ಯೋಚಿಸಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ನಿಜ.

“ಈ ಪ್ರಮಾಣಕ್ಕೆ ಇಷ್ಟು ಇಳಿಯಬಾರದು,” ಎಂದು ಡಾಕ್ಟರು ತಮ್ಮಲ್ಲೇ ಹೇಳಿಕೊಂಡು ಫೋನು ಮಾಡಲು ಹೋದರು. ಸುಧಾಳ ಎದೆಗೆ ದೊಡ್ಡ ಪಟ್ಟಿಗಳನ್ನು ಅಂಟಿಸುತ್ತಿದ್ದ ನರ್ಸ್, ಫಿಲಿಪೀನ್ಸ್ ಕಡೆಯ ಹೆಂಗಸು, ಕೆಲಸ ನಿಲ್ಲಿಸದೆ ನನ್ನನ್ನು ಕೇಳಿದರು, “ಊರಿಂದ ತಂದದ್ದು ಏನಾದರೂ ಇದೆಯಾ? ಯಾರಾದರೂ ತಂದುಕೊಟ್ಟದ್ದು? ನನ್ನ ಅಮ್ಮನೂ ತರಿಸಿಕೊಳ್ಳುತ್ತಾಳೆ. ನಾನು ಪೊಲೀಸ್ ಅಲ್ಲ. ಹೇಳಿ.”

ಹೇಳಿದೆ. ಒಮ್ಮೆ ಶುರುವಾದ ಮೇಲೆ ಎಲ್ಲವನ್ನೂ ಹೇಳಿದೆ, ಕನ್ನಡವೋ ಇಂಗ್ಲಿಷೋ ಗೊತ್ತಾಗದಂತೆ. ಅವರು ತೋಳು ಹಿಡಿದು, “ಹೆಸರು, ಬರೀ ಹೆಸರು,” ಎಂದರು. ಮೈದುನನಿಗೆ ಕಳಿಸಿದ್ದ ಚೀಟಿಯ ಫೋಟೊ ಫೋನಿನಲ್ಲಿತ್ತು. ಅದನ್ನು ಹಿಡಿದು ಅವರು ಓಡಿದರು. ಡಾಕ್ಟರು ವಾಪಸ್ ಬಂದಾಗ ಅವರ ಮುಖ ಸಡಿಲವಾಗಿತ್ತು. ಸ್ಟ್ರಿಪ್ಪಿನ ಎರಡು ಔಷಧಗಳಲ್ಲಿ ಒಂದೂ ಸೀಸೆಯ ಔಷಧವೂ ಒಂದೇ ಗುಂಪಿನವು, ಹೃದಯವನ್ನು ಎರಡು ಕಡೆಯಿಂದ ಹಿಡಿದು ನಿಲ್ಲಿಸುತ್ತಿದ್ದವು ಎಂದರು. ಕಾರಣ ಗೊತ್ತಾಯಿತಲ್ಲ, ಈಗ ದಾರಿ ಇದೆ ಎಂದರು. ಸೂಜಿ, ಡ್ರಿಪ್ಪು. ಮಧ್ಯಾಹ್ನಕ್ಕೆ ನಲವತ್ತೊಂದು. ಸಂಜೆಗೆ ಐವತ್ತು ದಾಟಿತು.

ಮಂಗಳಕ್ಕ ಫ್ಲಾಸ್ಕಿನಲ್ಲಿ ಗಂಜಿ ತಂದರು. ಯಾವತ್ತೂ ಮಾತು ನಿಲ್ಲಿಸದ ಹೆಂಗಸು ಬಾಗಿಲಲ್ಲೇ ನಿಂತುಬಿಟ್ಟರು. “ಬರೀಬೇಡಿ ಅಂತ ನಾನೇ ಅಲ್ವಾ ಮೇಷ್ಟ್ರೇ ಅಂದಿದ್ದು...”

“ಬರೆದ ಕೈ ನನ್ನದು, ಮಂಗಳಕ್ಕ,” ಎಂದೆ. ಅವರ ಕೈಯಿಂದ ಫ್ಲಾಸ್ಕು ತೆಗೆದುಕೊಂಡೆ.

ಎರಡನೆಯ ದಿನ ನಾಗೇಂದ್ರ ಡಾಕ್ಟರಿಗೆ ಫೋನು ಮಾಡಿದೆ. ಅಲ್ಲಿ ಬೆಳಿಗ್ಗೆ, ಹಿಂದೆ ಯಾರೋ ಕೆಮ್ಮುವುದು ಕೇಳುತ್ತಿತ್ತು. ಪೂರ್ತಿ ಕೇಳಿಸಿಕೊಂಡರು. “ಅಲ್ಲಯ್ಯಾ, ಅಲ್ಲಿ ಡಾಕ್ಟರ್ನ ಹಿಡಿ ಅಂದಿದ್ದು ಯಾಕೆ? ನನ್ನ ಕೈಯಿಂದ ಅವರ ಕೈಗೆ ದಾಟಿಸೋಕೆ. ನನ್ನ ಮಾತ್ರೆ ಬಿಟ್ರೆ ನಾನು ಬೇಜಾರು ಮಾಡ್ಕೋತೀನಿ ಅಂದ್ಕೊಂಡ್ಯಾ? ಅದೇನು ದೇವರ ಪ್ರಸಾದವಾ? ಒಂದು ಮಾತು ಕೇಳಿದ್ರೆ ನಾನೇ ಅವರಿಗೆ ಕಾಗದ ಬರೀತಿದ್ದೆ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊನೆಗೆ, ಈಗ ನಾಡಿ ಎಷ್ಟಿದೆ ಎಂದು ಕೇಳಿದರು. ಆ ರಾತ್ರಿಯೇ ಎರಡು ಪುಟದ ಕಾಗದದ ಫೋಟೊ ಫೋನಿಗೆ ಬಂತು, ಅವಳ ಐದು ವರ್ಷದ ಬಿ.ಪಿ. ಚರಿತ್ರೆ, ದುಂಡು ಅಕ್ಷರದಲ್ಲಿ.

ಫೆಬ್ರವರಿಯಲ್ಲಿ ಮತ್ತೆ ಕ್ಲಿನಿಕ್ಕು. ಅವಳಿಗೆ ಇನ್ನೂ ಡ್ರೈವ್ ಮಾಡುವಂತಿರಲಿಲ್ಲ, ಬಸ್ಸಿನಲ್ಲಿ ಹೋದೆವು. ಬೆಟ್ಟವಿಡೀ ಹಸಿರು, ಬಾದಾಮಿ ಗಿಡಗಳು ಹೂ ಬಿಟ್ಟಿದ್ದವು, ನನಗೆ ಯಾವುದೂ ಹಿಡಿಸಲಿಲ್ಲ. ಆ ದಿನಗಳಲ್ಲಿ ನಾನು ಅವಳು ಮಾತು ನಿಲ್ಲಿಸಿದರೆ ಸಾಕು ತಿರುಗಿ ನೋಡುತ್ತಿದ್ದೆ. ಈಗಲೂ ನೋಡುತ್ತೇನೆ. ಅವಳು ಒಂದು ದಿನವೂ ನನ್ನನ್ನು ದೂರಲಿಲ್ಲ. ಬೇರೆಯವರು ಕೇಳಿದಾಗ, ನಮ್ಮಿಂದ ತಪ್ಪಾಯ್ತು, ಎನ್ನುತ್ತಿದ್ದಳು. ನಮ್ಮಿಂದ ಎಂಬ ಮಾತನ್ನು ಅವಳು ಎಷ್ಟು ದಣಿದು ಹೇಳುತ್ತಿದ್ದಳು ಎಂದು ನಾನು ಮಾತ್ರ ಬಲ್ಲೆ.

ಕ್ಲಿನಿಕ್ಕಿನವರು ಹೊಸದಾಗಿ ಫಾರಂ ತುಂಬಲು ಕೊಟ್ಟರು. ಅಭ್ಯಾಸಬಲದಿಂದ ಕೈ ಚಾಚಿದೆ. ಅವಳು ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಗೆರೆ ಓದಿ, ತಾನೇ ತುಂಬಿದಳು. ನರ್ಸ್ ಅವಳ ಹೆಸರು ಕೂಗಿದಾಗ ನಾನೂ ಎದ್ದೆ.

“ನೀವು ಇಲ್ಲೇ ಕೂತಿರಿ,” ಎಂದಳು. “ನಾನೊಬ್ಬಳೇ ಹೋಗಿಬರ್ತೀನಿ.”

ಕೋಪದಿಂದ ಹೇಳಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಅರ್ಧ ಗಂಟೆ ಕೂತೆ. ಎದುರಿಗೆ ಒಬ್ಬ ಮುದುಕ ಹೆಂಡತಿಯ ಕೋಟು ಮಡಚಿ ಹಿಡಿದುಕೊಂಡು ಕಾಯುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡದಂತೆ ಕೂತಿದ್ದೆವು.

ಹೊರಗೆ ಬಂದವಳು ಶಾಲು ಸರಿಮಾಡಿಕೊಂಡಳು. ಬಸ್‌ಸ್ಟಾಪಿನವರೆಗೆ ನಡೆದೆವು. ಅಲ್ಲಿ ತಡೆಯಲಾಗಲಿಲ್ಲ.

“ಏನೇನು ಕೇಳಿದ್ರು?”

“ಎಲ್ಲಾ ಕೇಳಿದ್ರು. ಎಲ್ಲಾ ಹೇಳಿದೆ.”

ಬಸ್ಸು ಬರುವ ದಿಕ್ಕಿಗೆ ನೋಡಿದಳು. ಆಮೇಲೆ ತಾನಾಗಿಯೇ ಹೇಳಿದಳು, “ಮನೇಲಿ ಔಷಧಿ ಯಾರು ನೋಡ್ಕೋತಾರೆ ಅಂದ್ರು. ನಾನೇ ಅಂದೆ.”

“ಸರಿ,” ಎಂದೆ.

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು, ಪಕ್ಕದ ಸೀಟಿನಲ್ಲಿದ್ದ ತನ್ನ ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು, ನನಗೆ ಜಾಗವಾಗಲೆಂದು.